ಓಡಿ ಬಂದವನಿಗೆ ಯಾಕೆ ಹಸಿವಿಲ್ಲ?

ಭಾನುವಾರ, 12 ಜನವರಿ 2025, ಮೈಸೂರು

ತಮ್ಮ ಇವತ್ತು ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಓಡಿಕೊಂಡೇ ಹತ್ತಿ ಬಂದ. ನಂದಿ ಹತ್ತಿರ ಕೂಡ ನಿಲ್ಲಲಿಲ್ಲವಂತೆ. ಅಪ್ಪ, ನಾನು ಅಷ್ಟು ಹೊತ್ತಿಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮಾತಾಡುತ್ತಾ ನಡೆದು ಮನೆ ಸೇರಿದ್ದೆವು. ಅಮ್ಮ ಅವರೆಕಾಳು ಉಪ್ಪಿಟ್ಟು ಮಾಡಿದ್ದರು. ಸೊಗಡು ಗೇಟಿನ ತನಕ ಬರುತ್ತಿತ್ತು. ಅಪ್ಪ ತಟ್ಟೆ ಹಿಡಿದು ಕೂತೇಬಿಟ್ಟರು. ತಮ್ಮ ಮಾತ್ರ ಉಪ್ಪಿಟ್ಟು ನೋಡಿ ಮುಖ ತಿರುಗಿಸಿದ. "ಅಕ್ಕಾ, ಈಗ ಬೇಡ. ನೀರು ಕೊಡು ಸಾಕು" ಅಂದ.

ಅಮ್ಮನಿಗೆ ಗಾಬರಿ. "ಇಷ್ಟು ಬೆವರು ಸುರಿಸಿ ಬಂದಿದ್ದೀಯ, ಹೊಟ್ಟೆಗೇನೂ ಬೇಡ್ವೇನೋ?" ಒಂದೂವರೆ ಗಂಟೆ ಆದ ಮೇಲೆ ಅವನೇ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದ.

ಇದರಲ್ಲಿ ಗಾಬರಿ ಪಡುವಂಥದ್ದು ಏನೂ ಇಲ್ಲ. ಮೈ ದಂಡಿಸಿದಾಗ ರಕ್ತ ಕಾಲಿನ ಕಡೆಗೆ, ಚರ್ಮದ ಕಡೆಗೆ ಹೋಗುತ್ತದೆ. ಹೊಟ್ಟೆ, ಕರುಳಿಗೆ ಹೋಗುವುದು ಕಡಿಮೆಯಾಗುತ್ತದೆ. ಹೊಟ್ಟೆಯಲ್ಲಿ ಹುಟ್ಟುವ ಗ್ರೆಲಿನ್ ಅನ್ನುವ ಹಾರ್ಮೋನು 'ತಿನ್ನು' ಅಂತ ಮಿದುಳಿಗೆ ಹೇಳುತ್ತದೆ. ಜಪಾನಿನ ವಿಜ್ಞಾನಿಗಳು ಅದನ್ನು 1999ರಲ್ಲಿ ಗುರುತಿಸಿದರು. ಮಾತಾಡಲೂ ಉಸಿರು ಸಾಲದಷ್ಟು ಜೋರಾಗಿ ಓಡಿದಾಗ ಅದು ಸ್ವಲ್ಪ ಹೊತ್ತು ಇಳಿಯುತ್ತದೆ. ಹೊಟ್ಟೆ ತುಂಬಿತು, ಸಾಕು ಅನ್ನಿಸುವ ಪಿವೈವೈ, ಜಿಎಲ್‌ಪಿ-1 ಅನ್ನುವ ಹಾರ್ಮೋನುಗಳು ಏರುತ್ತವೆ. ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರಲ್ಲ, ಅದು ಈ ಜಿಎಲ್‌ಪಿ-1ರ ದಾರಿಯಲ್ಲೇ ಕೆಲಸ ಮಾಡುವುದು. ಆದರೆ ಓಟದಿಂದ ಬಂದ ಏರಿಳಿತ ಬಹಳ ಹೊತ್ತು ಉಳಿಯುವುದಿಲ್ಲ. ಹೆಚ್ಚಾಗಿ ಒಂದೆರಡು ಗಂಟೆಯೊಳಗೆ ಎಲ್ಲ ಮೊದಲಿನಂತಾಗುತ್ತದೆ.

ನನಗೆ ಬಹಳ ಹಿಡಿಸಿದ್ದು 2022ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಬೇಲರ್ ವೈದ್ಯಕೀಯ ಕಾಲೇಜಿನ ಕಡೆಯವರು ಪ್ರಕಟಿಸಿದ ವಿಷಯ. ಜೋರಾಗಿ ಓಡುವಾಗ ಸ್ನಾಯುಗಳಲ್ಲಿ ಲ್ಯಾಕ್ಟೇಟ್ ಅನ್ನುವ ವಸ್ತು ಹೆಚ್ಚುತ್ತದೆ. ಅದು ಫಿನೈಲ್‌ಅಲನಿನ್ ಅನ್ನುವ ಅಮೈನೋ ಆಮ್ಲದ ಜೊತೆ ಸೇರಿ ಲ್ಯಾಕ್-ಫೆ ಅನ್ನುವ ಅಣು ಆಗುತ್ತದೆ. ದಪ್ಪ ಇಲಿಗಳಿಗೆ ಅದನ್ನು ಚುಚ್ಚಿದಾಗ ಮುಂದಿನ ಹನ್ನೆರಡು ಗಂಟೆ ಅವು ತಿಂದಿದ್ದು ಸುಮಾರು ಅರ್ಧದಷ್ಟು. ಮನುಷ್ಯರಲ್ಲಿ ನೋಡಿದರೆ, ಅದು ಎಲ್ಲಕ್ಕಿಂತ ಜಾಸ್ತಿ ಏರಿದ್ದು ಸ್ಪ್ರಿಂಟ್ ಓಡಿದಾಗ. ಆಮೇಲೆ ಭಾರ ಎತ್ತಿದಾಗ. ಒಂದೇ ಹದದಲ್ಲಿ ಬಹಳ ಹೊತ್ತು ವ್ಯಾಯಾಮ ಮಾಡಿದಾಗ ಎಲ್ಲಕ್ಕಿಂತ ಕಡಿಮೆ.

ಹಾಗಾದರೆ ನಿಧಾನ ನಡೆಯುವವರಿಗೆ ಹಸಿವು ಜಾಸ್ತಿ ಆಗುತ್ತದಾ? ಅದೂ ಇಲ್ಲ. ಸುಮ್ನೆ ನಡೆದರೆ ಹಸಿವು ಹೆಚ್ಚು ಕಡಿಮೆ ಇದ್ದಂಗೇ ಇರುತ್ತದೆ. ವ್ಯಾಯಾಮ ಮಾಡಿದ ದಿನ ಹೆಚ್ಚಿನವರು ಖರ್ಚಾದದ್ದನ್ನೆಲ್ಲ ಆವತ್ತೇ ತಿಂದು ತುಂಬಿಕೊಳ್ಳುವುದೂ ಇಲ್ಲ. ಆದರೆ ಕೆರೆ ಸುತ್ತಿದ ಮೇಲೆ ಅಪ್ಪನ ಗೆಳೆಯರ ಗುಂಪು ನೇರವಾಗಿ ಹೋಟೆಲಿಗೆ ಹೋಗುತ್ತದೆ. "ಇಷ್ಟು ನಡೆದಿದ್ದೀವಿ, ಒಂದು ಮಸಾಲೆಗೇನು?" ಅನ್ನುತ್ತಾರೆ. ಅರ್ಧ ಗಂಟೆ ನಿಧಾನವಾಗಿ ನಡೆದರೆ ಖರ್ಚಾಗುವುದು ಸುಮಾರು 100ರಿಂದ 150 ಕ್ಯಾಲರಿ. ಬೆಣ್ಣೆ ಹಾಕಿದ ಒಂದು ಮಸಾಲೆ ದೋಸೆಯಲ್ಲಿ ಅದರ ಎರಡರಷ್ಟಾದರೂ ಇರುತ್ತದೆ. ದೋಸೆ ತಿನ್ನಲಿ, ಗೆಳೆಯರ ಜೊತೆ ತಿನ್ನುವ ಸುಖವೇ ಬೇರೆ. ಅದನ್ನು ನಡಿಗೆಯ ಲೆಕ್ಕಕ್ಕೆ ಬರೆಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಹಾಗಂತ ನಡಿಗೆ ವ್ಯರ್ಥ ಅನ್ನುವವರ ಜೊತೆಗೂ ನಾನಿಲ್ಲ. ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರಲ್ಲಿ ಆಹಾರ ವಿಜ್ಞಾನಿ ಜಾನ್ ಮೇಯರ್ ಮತ್ತು ಅವರ ಭಾರತೀಯ ಜೊತೆಗಾರರು ಕೆಲಸಗಾರರ ಊಟ, ತೂಕ, ದುಡಿಮೆ ಮೂರನ್ನೂ ಅಳೆದಿದ್ದರು. ಅದು 1956ರಲ್ಲಿ ಪ್ರಕಟವಾಯಿತು. ಹಗುರ ಕೆಲಸದಿಂದ ಭಾರ ಹೊರುವ ಕೆಲಸದ ತನಕ, ದುಡಿಮೆ ಏರಿದಂತೆ ಊಟವೂ ಏರಿತ್ತು. ಅದು ಸಹಜವೇ. ಆದರೆ ಇಡೀ ದಿನ ಕೂತೇ ಇರುವವರು, ಹಗುರ ಕೆಲಸದವರಿಗಿಂತ ಜಾಸ್ತಿ ತಿನ್ನುತ್ತಿದ್ದರು. ತೂಕವೂ ಅವರದ್ದೇ ಜಾಸ್ತಿ. ಪೂರ್ತಿ ಕೂತವರ ಹಸಿವಿಗೆ ಹದ ತಪ್ಪುತ್ತದೆ ಅಂತ ಮೇಯರ್ ಅರ್ಥ ಮಾಡಿಕೊಂಡರು. ಒಂದೇ ಗಿರಣಿ ನೋಡಿ ಎಲ್ಲವನ್ನೂ ತೀರ್ಮಾನ ಮಾಡಲಾಗದು, ನಿಜ. ಆದರೂ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಚೌಚೌ ಮೆಲ್ಲುವ ನಮ್ಮ ಆಫೀಸನ್ನು ನೋಡಿದಾಗ ಆ ಗಿರಣಿ ನೆನಪಾಗುತ್ತದೆ.

ನಾಡಿದ್ದು ಸಂಕ್ರಾಂತಿ. ಎಳ್ಳುಬೆಲ್ಲದ ಡಬ್ಬಿ ಮೇಜಿನ ಮೇಲೇ ಇದೆ, ಹೋಗ್ತಾ ಬರ್ತಾ ಎಲ್ಲರ ಕೈ ಅದರೊಳಗೆ. ಅದಕ್ಕೆ ಯಾವ ಹಾರ್ಮೋನೂ ಬೇಕಾಗಿಲ್ಲ.

ಅಪ್ಪನ ವಿಷಯ ಬೇರೆ. ಅವರಿಗೆ ಶುಗರ್ ಇದೆ, ಮಾತ್ರೆ ತಗೊಳ್ತಾರೆ. ತಮ್ಮನ ಜೊತೆ ಬೆಟ್ಟ ಹತ್ತಬೇಕು ಅಂತ ಈಗ ಅವರಿಗೂ ಹುರುಪು ಬಂದಿದೆ. ಮಾತ್ರೆ ತಗೊಂಡು ಜೋರಾಗಿ ಹತ್ತಿ, ಹಸಿವಿಲ್ಲ ಅಂತ ತಿಂಡಿ ಮುಂದಕ್ಕೆ ಹಾಕಿದರೆ ಶುಗರ್ ಕೆಳಗೆ ಬೀಳಬಹುದು. ಮೊದಲು ಡಾಕ್ಟರ ಹತ್ತಿರ ಕೇಳೋಣ ಅಂದೆ, ಒಪ್ಪಿದರು. ಅಲ್ಲಿಯ ತನಕ ಕೆರೆ ಏರಿಯೇ. ಜೇಬಿನಲ್ಲಿ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಇಟ್ಟಿದ್ದೇನೆ. ಎಂಟೂವರೆಗೆ ಹಸಿವಿರಲಿ ಬಿಡಲಿ, ಎರಡು ಇಡ್ಲಿಯಾದರೂ ತಿನ್ನಬೇಕು ಅಂತ ಅಮ್ಮನ ಕೈಯಲ್ಲಿ ಹೇಳಿಸಿದ್ದೇನೆ.