ತಾತನ ಟ್ರಂಕು: ಒಂಬತ್ತು ತಿಂಗಳ ಲೆಕ್ಕ

ಜನವರಿ, ಎರಡನೇ ಭಾನುವಾರ

ಅಟ್ಟದಿಂದ ಟ್ರಂಕು ಇಳಿಸಿದೆ. ಕಪ್ಪು ಬಣ್ಣ, ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ತಾತನ ಆರ್ಮಿ ನಂಬರು. ಒಳಗೆ ಐದು ಪದಕ, ಸೈನ್ಯ ಬಿಟ್ಟಾಗ ಕೊಟ್ಟ ಡಿಸ್ಚಾರ್ಜ್ ಬುಕ್, ಒಂದು ಜೊತೆ ಕಾಲ್ಚೀಲ, ದಾರದಲ್ಲಿ ಪೋಣಿಸಿದ ಕಾಗದದ ಚೂರುಗಳ ಒಂದು ಕಟ್ಟು. ಪದಕಗಳಿಗೆ ಒಳ್ಳೆ ಫ್ರೇಮ್ ಮಾಡಿಸಿ, ಪಕ್ಕದಲ್ಲಿ ಯುದ್ಧದ ಬಗ್ಗೆ ಒಂದು ಪುಟ ಬರೆದು, ಹಾಲ್‌ನಲ್ಲಿ ನೇತು ಹಾಕೋದು ನನ್ನ ಯೋಜನೆ. ಎರಡು ಭಾನುವಾರ ಸಾಕು ಅಂದುಕೊಂಡಿದ್ದೇನೆ.

ತಾತ ಬಾಗಿಲಲ್ಲಿ ನಿಂತು ನೋಡಿದರು. "ಯಾಕೋ, ಗುಜರಿಗೆ ಹಾಕ್ತೀಯಾ?"

ಅವರಿಗೀಗ 82. ಅಂದರೆ ಶಾಲೆ ದಾಖಲೆಯ ಪ್ರಕಾರ. ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ತಾರೀಖು ಅದು.

ಜನವರಿ ಕೊನೆ

ಪದಕಗಳನ್ನು ಸಾಲಾಗಿ ಇಡುವುದಕ್ಕೂ ಒಂದು ಕ್ರಮ ಇದೆ. ಎದೆಯ ಮಧ್ಯದ ಕಡೆಗೆ ದರ್ಜೆಯಲ್ಲಿ ದೊಡ್ಡದು. ತಾತನ ಲೆಕ್ಕದಲ್ಲಿ ಮೊದಲು ಪಶ್ಚಿಮಿ ಸ್ಟಾರ್, 1971ರ ಪಶ್ಚಿಮ ರಂಗದ್ದು. ಆಮೇಲೆ 1965ರ ರಕ್ಷಾ ಮೆಡಲ್, 1971ರ ಸಂಗ್ರಾಮ್ ಮೆಡಲ್, ಸೈನ್ಯ ಸೇವಾ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್, ಕೊನೆಗೆ ಒಂಬತ್ತು ವರ್ಷದ ಸೇವೆಯದ್ದು. ಡಿಸ್ಚಾರ್ಜ್ ಬುಕ್‌ನಲ್ಲಿ ಆರು ಬರೆದಿದೆ. ಟ್ರಂಕಿನಲ್ಲಿ ಇರೋದು ಐದು. 25ನೇ ವರ್ಷದ್ದು ಇಲ್ಲ.

ವಿಚಾರಣೆ ಮಾಡಿದೆ. ಅಪ್ಪ ಮೂರನೇ ಕ್ಲಾಸಿನಲ್ಲಿ ಫ್ಯಾನ್ಸಿ ಡ್ರೆಸ್‌ಗೆ ಸೈನಿಕನ ವೇಷ ಹಾಕಿಕೊಂಡು ಹೋಗಿದ್ದರಂತೆ. ಹೋಗುವಾಗ ಎದೆ ಮೇಲೆ ಆರು. ಬರುವಾಗ ಐದು. ಅಪ್ಪ ಈಗಲೂ ಪಿನ್ನು ಸರಿಯಾಗಿ ಹಾಕದ ದೊಡ್ಡತ್ತೆಯದೇ ತಪ್ಪು ಅನ್ನುತ್ತಾರೆ.

ಇನ್ನೊಂದು ಅನಾಹುತ. ಪಶ್ಚಿಮಿ ಸ್ಟಾರ್ ಕಂಚಿನದು. ಉಳಿದವಕ್ಕೆ ಕಾಲದ ಮಬ್ಬು ಕೂತಿದೆ, ಇದೊಂದು ಮಾತ್ರ ಹಬ್ಬದ ದಿನದ ತಂಬಿಗೆ ಥರ ಫಳಫಳ. ಅಜ್ಜಿ ಯಾವಾಗಲೋ ಹುಣಸೆಹಣ್ಣು ಹಾಕಿ ತಿಕ್ಕಿದ್ದಾರೆ. ಮನೆಯಲ್ಲಿ ಪದಕ ಇರುವವರು ದಯವಿಟ್ಟು ಇದನ್ನು ಮಾಡಬೇಡಿ. ಹುಳಿ ಬಿದ್ದರೆ ಆ ಹಳೇ ಬಣ್ಣ ವಾಪಸ್ ಬರಲ್ಲ. ಒಣ ಬಟ್ಟೆ ಸಾಕು. ಅಂಚಿನಲ್ಲಿ ನಂಬರು, ಹೆಸರು ಕೊರೆದಿರುತ್ತಾರೆ, ತಿಕ್ಕಿ ತಿಕ್ಕಿ ಅದೂ ಸವೆಯುತ್ತದೆ.

ಫೆಬ್ರವರಿ

ರಿಬ್ಬನ್ ಹೊಸದು ತರಿಸಿದೆ, 32 ಮಿಲಿಮೀಟರ್ ಅಗಲ. ಹಳೆಯವನ್ನು ಜಿರಳೆ ತಿಂದಿತ್ತು. ಬಿಸಾಕಿಲ್ಲ, ಫ್ರೇಮಿನ ಹಿಂದೆ ಕವರಿನಲ್ಲಿ ಇಡುತ್ತೇನೆ.

ಮಾರ್ಚ್

ಕಾಗದದ ಕಟ್ಟು ಬಿಚ್ಚಿದೆ. ಯೋಜನೆ ತಲೆಕೆಳಗಾಯಿತು.

ಅವೆಲ್ಲ ಮನಿಯಾರ್ಡರ್ ಕೂಪನ್‌ಗಳು. ದುಡ್ಡು ಕೊಟ್ಟು ಸಹಿ ಹಾಕಿಸಿಕೊಂಡ ಮೇಲೆ ಪೋಸ್ಟ್‌ಮ್ಯಾನ್ ಹರಿದು ಮನೆಯವರಿಗೆ ಕೊಡುತ್ತಿದ್ದ ಚೂರು. ಕೆಳಗೆ ಎರಡು ಸಾಲು ಬರೆಯೋಕೆ ಜಾಗ. ಒಟ್ಟು 131. ಮೊದಲು ಮುತ್ತಜ್ಜಿ ಪೋಣಿಸಿದ್ದು, ಆಮೇಲೆ ಅಜ್ಜಿ. ಗೆದ್ದಲು ತಿಂದದ್ದು ಎಷ್ಟೋ ಗೊತ್ತಿಲ್ಲ.

ಕೆಲವು ನೇರಳೆ ಬಣ್ಣದ ಕಾಪಿಯಿಂಗ್ ಪೆನ್ಸಿಲ್‌ನಲ್ಲಿ ಬರೆದಿವೆ. ನೀರು ತಾಗಿದರೆ ಶಾಯಿ ಥರ ಹರಡುತ್ತದೆ. ಒಂದನ್ನು ಒದ್ದೆ ಹತ್ತಿಯಲ್ಲಿ ಒರೆಸಲು ಹೋಗಿ ಹಾಳು ಮಾಡಿದೆ. ಉಳಿದ 130 ಒಣ ಬ್ರಷ್‌ನಲ್ಲಿ. ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ತೆಗೆದು, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಪಾಲಿಯೆಸ್ಟರ್ ಕವರಿಗೆ ಹಾಕಿದೆ. ಪಿವಿಸಿ ಕವರ್ ಅಗ್ಗ ಅಂತ ಅದಕ್ಕೆ ಹಾಕಬೇಡಿ, ಕಾಲ ಕಳೆದಂತೆ ಕಾಗದಕ್ಕೆ ಅಂಟುತ್ತದೆ.

ಏಪ್ರಿಲ್

ಒಂದು ಎಕ್ಸೆಲ್ ಶೀಟ್. ಒಂದು ಕಾಲಂನಲ್ಲಿ ತಿಂಗಳು, ಒಂದರಲ್ಲಿ ಮೊತ್ತ, ಒಂದರಲ್ಲಿ ತಾತ ಬರೆದ ಸಾಲು. ವಿಳಾಸದ ಜಾಗದಲ್ಲಿ ಯಾವ ಊರೂ ಇಲ್ಲ, ಬರೀ ಕೇರ್ ಆಫ್ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ. ಪಡೆ ಎಲ್ಲಿದೆ ಅಂತ ಯಾರಿಗೂ ಗೊತ್ತಾಗಬಾರದಲ್ಲ. ಹಾಗಾಗಿ ಡಿಸ್ಚಾರ್ಜ್ ಬುಕ್ ಪಕ್ಕದಲ್ಲಿಟ್ಟುಕೊಂಡು ಜಾಗ ತುಂಬಿಸಿದೆ.

1962ರ ಕೊನೆ, ಚೀನಾ ಯುದ್ಧ ಮುಗಿದ ಹೊಸತು. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಮದ್ರಾಸ್ ಸ್ಯಾಪರ್ಸ್ ಸೆಂಟರಿನಲ್ಲಿ ಭರ್ತಿ. ಸ್ಯಾಪರ್ಸ್ ಅಂದರೆ ಬಂದೂಕಿನ ಜೊತೆ ಗುದ್ದಲಿಯನ್ನೂ ಹೊತ್ತವರು. ಸೇತುವೆ ಕಟ್ಟೋದು, ರಸ್ತೆ ಮಾಡೋದು, ಮೈನು (ನೆಲಬಾಂಬು) ಹೂಳೋದು, ಮೈನು ತೆಗೆಯೋದು. ಬೇರೆ ಪಡೆಯವರು ಇವರನ್ನು ತಂಬಿ ಅಂತ ಕರೀತಾರೆ. ಹಾಸನದ ಹಳ್ಳಿಯ ಹುಡುಗ ಅಲ್ಲೇ ತಮಿಳು ಕಲಿತದ್ದು. ಈಗಲೂ ಅಜ್ಜಿಗೆ ಗೊತ್ತಾಗಬಾರದ ಬೈಗುಳ ಎಲ್ಲಾ ತಮಿಳಿನಲ್ಲೇ.

ಕೂಪನ್‌ಗಳಲ್ಲಿ ಬರೆದದ್ದು ಇಂಥವು: "ಎತ್ತಿನ ಕಂತಿಗೆ." "ತಂಗಿ ಮದುವೆ ಸಾಲಕ್ಕೆ 30, ಉಳಿದದ್ದು ಮನೆಗೆ." "ಮಗುವಿಗೆ ಜ್ವರ ಹೇಗಿದೆ, ಡಾಕ್ಟರ ಹತ್ತಿರ ಹೋಗಿ, ದುಡ್ಡು ನೋಡಬೇಡಿ."

ರಜೆಯಲ್ಲಿ ಊರಿಗೆ ಬಂದ ತಿಂಗಳುಗಳಲ್ಲಿ ಕೂಪನ್ ಇಲ್ಲ. ಅದು ಬಿಟ್ಟರೆ 1970ರಿಂದ 73ರವರೆಗೆ ಒಂದೇ ಒಂದು ತಿಂಗಳು ಖಾಲಿ. 1971ರ ಡಿಸೆಂಬರ್. ಅದರ ಮುಂದಿನದು 1972ರ ಜನವರಿಯದು. ಯಾವಾಗಲೂ 60 ಇರುತ್ತಿದ್ದ ಕಡೆ 120 ರೂಪಾಯಿ. ಕೆಳಗೆ ಹೀಗಿದೆ:

"ಹೋದ ತಿಂಗಳು ಆಗಲಿಲ್ಲ. ಎರಡೂ ತಿಂಗಳದ್ದು ಸೇರಿಸಿದ್ದೇನೆ. ಬಾವಿ ಕೆಲಸ ನಿಲ್ಲಿಸಬೇಡಿ."

ಅವತ್ತು ಮುಂದೆ ಏನೂ ಕೆಲಸ ಮಾಡಲಿಲ್ಲ.

ಮೇ

ಆ ಖಾಲಿ ತಿಂಗಳಲ್ಲಿ ತಾತ ಪಾಕಿಸ್ತಾನದ ಶಕರ್‌ಗಢ ಕಡೆ, 9 ಎಂಜಿನಿಯರ್ ರೆಜಿಮೆಂಟಿನಲ್ಲಿ. ಡಿಸೆಂಬರ್ 15ರ ರಾತ್ರಿ ಬಸಂತರ್ ನದಿಯ ಹತ್ತಿರ ಮೈನು ಹೂತ ಬಯಲಿನಲ್ಲಿ ಟ್ಯಾಂಕುಗಳಿಗೆ ದಾರಿ ಬಿಡಿಸುವ ಕೆಲಸ. ದಾರಿ ಪೂರ್ತಿ ಆಗುವ ಮೊದಲೇ ನಮ್ಮ ಪೂನಾ ಹಾರ್ಸ್‌ನ ಟ್ಯಾಂಕುಗಳು ಒಳಗೆ ನುಗ್ಗಿದವು. ಮಾರನೇ ದಿನ ಅದೇ ಟ್ಯಾಂಕ್ ಪಡೆಯ 21 ವರ್ಷದ ಅರುಣ್ ಖೇತ್ರಪಾಲ್ ತೀರಿಕೊಂಡದ್ದು ಅಲ್ಲೇ, ಅವರಿಗೆ ಪರಮವೀರ ಚಕ್ರ ಬಂತು. 17ರ ರಾತ್ರಿ ಎಂಟಕ್ಕೆ ಕದನವಿರಾಮ.

ಫೋನಿನಲ್ಲಿ ತಾತನ ಮಾತು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. ಇವತ್ತಿಗೆ ಹನ್ನೊಂದು ಗಂಟೆ ಆಗಿದೆ. ಯುದ್ಧದ ಮಾತು ಅದರಲ್ಲಿ 38 ನಿಮಿಷ. ಆ ರಾತ್ರಿಯ ಬಗ್ಗೆ ಎಷ್ಟು ಕೆದಕಿದರೂ ಬಂದದ್ದು ಇಷ್ಟೇ: "ಬಿಳೀ ಟೇಪ್ ಕಟ್ಕೊಂಡು ಹೋದ್ವಿ. ಟ್ಯಾಂಕು ಬಂದವು. ಪಕ್ಕಕ್ಕೆ ಸರಿದ್ವಿ. ಚಳಿ ಇತ್ತು." ಬಾವಿ ತೋಡಿಸಿದ ಕತೆ ಮಾತ್ರ ಎರಡೂವರೆ ಗಂಟೆ. ಎಷ್ಟನೇ ಮೊಳಕ್ಕೆ ಬಂಡೆ ಸಿಕ್ಕಿತು, ಯಾರು ಕೂಲಿ ಜಾಸ್ತಿ ಕೇಳಿದರು, ಎಲ್ಲ ನೆನಪಿದೆ.

ಜೂನ್

ಇದು ರೆಕಾರ್ಡಿಂಗ್‌ನಲ್ಲಿ ಬರಲ್ಲ, ಇಲ್ಲಿ ಬರೆದಿಡುತ್ತೇನೆ. ತೋಟದಲ್ಲಿ ನೆಲದಡಿಯ ಪೈಪ್ ಎಲ್ಲೋ ಒಡೆದು ನೀರು ಸೋರುತ್ತಿತ್ತು. ಎಲ್ಲಿ ಹೂತಿದ್ದು ಅಂತ ಅಪ್ಪನಿಗೆ ಮರೆತೇ ಹೋಗಿದೆ. ನಾನು ಹಾರೆ ತಂದು ಅಗೆಯೋಕೆ ಶುರು ಮಾಡಿದೆ. ತಾತ ಹಾರೆ ಕಿತ್ತುಕೊಂಡು ಆ ಕಡೆ ಹಾಕಿ, ಒಂದು ತೆಳ್ಳನೆ ಕಬ್ಬಿಣದ ಸರಳು ತಂದರು. ಮಂಡಿಯೂರಿ ಕೂತರು. 82 ವರ್ಷ, ಎರಡೂ ಮಂಡಿ ನೋವು. ಸರಳನ್ನು ನೆಟ್ಟಗೆ ಚುಚ್ಚಲಿಲ್ಲ, ನೆಲಕ್ಕೆ ಓರೆಯಾಗಿ, ಬೆರಳ ತುದಿಯಲ್ಲಿ ಹಿಡಿದು, ಮೆತ್ತಗೆ ತೂರಿಸಿದರು. ತೆಗೆದರು. ಎರಡು ಬೆರಳು ಪಕ್ಕಕ್ಕೆ ಸರಿದು ಮತ್ತೆ. ಮುಖದಲ್ಲಿ ಏನೂ ಇಲ್ಲ, ಬೆರಳು ಮಾತ್ರ ಕೇಳಿಸಿಕೊಳ್ಳುತ್ತಿತ್ತು. ಹತ್ತು ನಿಮಿಷದಲ್ಲಿ ಪೈಪ್ ಸಿಕ್ಕಿತು.

"ನೆಟ್ಟಗೆ ಯಾಕೆ ಚುಚ್ಚಬಾರದು ತಾತ?"

"ಮೈನಿನ ತಲೆ ಮೇಲಿರತ್ತೆ. ತಲೆ ಮುಟ್ಟಬಾರದು, ಪಕ್ಕೆ ಮುಟ್ಟಬೇಕು. ಮೂವತ್ತು ಡಿಗ್ರಿ." ಆಮೇಲೆ ಅಪ್ಪನ ಕಡೆ ತಿರುಗಿ, "ಪೈಪ್ ಹೂತೋರು ಮೇಲೊಂದು ಕಲ್ಲು ಇಡಬೇಕು ಅಂತ ಗೊತ್ತಾಗಲ್ವಾ?"

ಜುಲೈ

ಫ್ರೇಮಿನ ಕೆಲಸ ಒಂದಿಷ್ಟೂ ಸಾಗಿಲ್ಲ. ಡಿಸ್ಚಾರ್ಜ್ ಬುಕ್ ಸ್ಕ್ಯಾನ್ ಮಾಡುವಾಗ ಅಜ್ಜಿಯ ಹೆಸರು ಕಣ್ಣಿಗೆ ಬಿತ್ತು. ಆಧಾರ್‌ನಲ್ಲಿ ಕೊನೆಗೆ ‘ಅಮ್ಮ’ ಇದೆ, ಇದರಲ್ಲಿ ಇಲ್ಲ. ನಾಳೆ ಅಜ್ಜಿಗೆ ಫ್ಯಾಮಿಲಿ ಪಿಂಚಣಿ ಬರಬೇಕಾದಾಗ ಈ ಎರಡಕ್ಷರಕ್ಕೇ ಅಲೆಯಬೇಕಾಗುತ್ತದೆ. ಒಂದು ಕಚೇರಿಗೆ ನಾಲ್ಕು ಸಲ ಹೋದೆವು. ಮೂರು ಸಲ ಬೇರೆ ಬೇರೆ ಕಾಗದ ಕೇಳಿದರು. ನಿಮ್ಮ ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಹೆಂಡತಿಯ ಹೆಸರು, ಹುಟ್ಟಿದ ತಾರೀಖು ಎಲ್ಲಾ ಕಡೆ ಒಂದೇ ಇದೆಯಾ ಅಂತ ಈಗಲೇ ನೋಡಿಬಿಡಿ. ಅವರು ಇದ್ದಾಗ ಒಂದು ಸಹಿಯಲ್ಲಿ ಮುಗಿಯೋದು ಆಮೇಲೆ ಮುಗಿಯಲ್ಲ.

ಆಗಸ್ಟ್

1979ರಲ್ಲಿ ಹವಾಲ್ದಾರ್ ಆಗಿ ಪಿಂಚಣಿ. ಮಾರನೇ ವರ್ಷವೇ ಬ್ಯಾಂಕಿನಲ್ಲಿ ಗನ್‌ಮ್ಯಾನ್ ಕೆಲಸ, 21 ವರ್ಷ. ಬೆಳಗ್ಗೆ ನಾಲ್ಕಕ್ಕೆ ಎದ್ದು ಹಾಲು ಕರೆದು, ತೋಟಕ್ಕೆ ನೀರು ಹಾಯಿಸಿ, ಎಂಟೂವರೆ ಬಸ್ಸು. ಮೂವರು ಅತ್ತೆಯಂದಿರೂ ಡಿಗ್ರಿ ಮುಗಿಸಿದ್ದು ಆ ಕಾಲದಲ್ಲಿ. ಆದರೆ ಈ 21 ವರ್ಷಕ್ಕೆ ಟ್ರಂಕಿನಲ್ಲಿ ಒಂದು ಚೂರು ಕಾಗದವೂ ಇಲ್ಲ. ಊರಲ್ಲೇ ಇದ್ದವರು ಮನಿಯಾರ್ಡರ್ ಯಾಕೆ ಕಳಿಸುತ್ತಾರೆ? ಅತ್ತೆಯಂದಿರ ಮಾರ್ಕ್ಸ್ ಕಾರ್ಡು ಹುಡುಕಿಸುತ್ತಿದ್ದೇನೆ.

ಸೆಪ್ಟೆಂಬರ್

ಫ್ರೇಮ್ ಆಯಿತು. ಮೊದಲ ಅಂಗಡಿಯವರು ಪದಕಗಳನ್ನು ಬಿಸಿ ಗೋಂದಿನಲ್ಲಿ ಅಂಟಿಸಿಬಿಡೋಣ ಅಂದರು, ವಾಪಸ್ ತಂದೆ. ಗಾಜು ತಾಗದಷ್ಟು ಆಳದ ಪೆಟ್ಟಿಗೆ ಮಾಡಿಸಿ, ಹತ್ತಿ ಬಟ್ಟೆಯ ಮೇಲೆ ನೈಲಾನ್ ದಾರದಲ್ಲಿ ನಾನೇ ಹೊಲಿದೆ. ಐದು ಪದಕ, ಆರು ಜಾಗದಲ್ಲಿ ಐದನೆಯದು ಖಾಲಿ. ಯುದ್ಧದ ಬಗ್ಗೆ ಬರೆದ ಪುಟ ತೆಗೆದುಹಾಕಿದೆ. ಆ ಜಾಗದಲ್ಲಿ 1972ರ ಜನವರಿಯ ಕೂಪನ್ನಿನ ಪ್ರಿಂಟ್. ಮೂಲ ಕಾಗದ ಬೆಳಕಿಗೆ ಬರದ ಹಾಗೆ ಒಳಗಿದೆ.

ಖಾಲಿ ಜಾಗಕ್ಕೆ ಮಾರುಕಟ್ಟೆಯಲ್ಲಿ ನಕಲು ಸಿಗತ್ತೆ, ತರಲಾ ಅಂತ ಕೇಳಿದೆ. "ಬೇಡ, ಹಾಗೇ ಇರಲಿ. ನಿಮ್ಮಪ್ಪ ದಿನಾ ನೋಡಲಿ" ಅಂದರು ತಾತ.

ಗೋಡೆಗೆ ಹಾಕಿ ಎಲ್ಲರನ್ನೂ ಕರೆದೆ. ಅಜ್ಜಿ ಸ್ಟಾರ್ ನೋಡಿ ಇದೊಂದೇ ಚೆನ್ನಾಗಿ ಹೊಳೀತಿದೆ ಅಂದರು. ತಾತ ಏನೂ ಹೇಳದೆ ಒಳಗೆ ಹೋದರು. ಬೇಜಾರಾಯಿತೇನೋ ಅಂದುಕೊಂಡೆ. ವಾಪಸ್ ಬಂದಾಗ ಕೈಯಲ್ಲಿ ತೂಗುಗುಂಡು. ಫ್ರೇಮಿನ ಪಕ್ಕ ಹಿಡಿದು, ದಾರ ಅಲುಗಾಡೋದು ನಿಲ್ಲುವವರೆಗೆ ಕಾದರು.

"ಎಡಗಡೆ ಎರಡು ನೂಲು ಇಳಿದಿದೆ. ಮೊಳೆ ಕಿತ್ತು ಹೊಡಿ."

ಕಿತ್ತು ಹೊಡೆದೆ.