ಆರ್‌ಎಕ್ಸ್-7 ಮತ್ತೆ ಬಂದರೆ ಹೇಗಿರಬೇಕು? ಸರ್ಫೇಸ್ ಟೀಮಿನಲ್ಲಿ ಕಲಿತದ್ದು

ನಾನು ಕಾರುಗಳ ಹೊರಮೈ ಮಾಡುವ ಕೆಲಸದಲ್ಲಿದ್ದೇನೆ. ಡಿಸೈನರ್ ಸ್ಕೆಚ್ ಬಿಡಿಸುತ್ತಾರೆ, ಎಂಜಿನಿಯರ್ ಅಳತೆ ಕೊಡುತ್ತಾರೆ. ಎರಡನ್ನೂ ಹೊಂದಿಸಿ ಬಾನೆಟ್, ಬಾಗಿಲು, ಫೆಂಡರ್ (ಗಾಲಿಯ ಮೇಲಿನ ತಗಡು) ಇವುಗಳ ಮೇಲ್ಮೈಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಡೈ, ಅಂದರೆ ತಗಡು ಒತ್ತುವ ಅಚ್ಚು, ಮಾಡುವವರ ಕೈಗೆ ಕೊಡುವಷ್ಟು ನಯ ಮಾಡುವುದು ನಮ್ಮ ಪಾಲು. ಇದಕ್ಕೆ ಕ್ಲಾಸ್-ಎ ಸರ್ಫೇಸಿಂಗ್ ಅಂತಾರೆ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರು ತುಂಬಾ ಜನ ಇದ್ದಾರೆ. ಎರಡು ಪ್ರಾಜೆಕ್ಟ್‌ಗಳ ನಡುವೆ ಸ್ವಲ್ಪ ಬಿಡುವು ಸಿಕ್ಕಾಗ ಹೊಸದಾಗಿ ಸೇರಿದವರಿಗೆ ನಾನು ಒಂದು ಅಭ್ಯಾಸ ಕೊಡುತ್ತೇನೆ. ಮಜ್ದಾ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು ಆರ್‌ಎಕ್ಸ್-7 ಮತ್ತೆ ಬಂದರೆ ಹೇಗಿರಬೇಕು, ಮಾಡಿ ತೋರಿಸಿ, ಅಂತ.

ನಮ್ಮ ಕಡೆ ಮಜ್ದಾ ಅಂದರೆ ಸ್ವರಾಜ್ ಮಜ್ದಾ ವ್ಯಾನ್ ನೆನಪಾಗುವವರೇ ಜಾಸ್ತಿ. ಆದರೆ ಹಿರೋಷಿಮಾದ ಈ ಕಂಪನಿ 1978ರಿಂದ 2002ರವರೆಗೆ ಮೂರು ತಲೆಮಾರು ಆರ್‌ಎಕ್ಸ್-7 ಮಾಡಿತು. ಮೂರನೆಯದು, ಎಫ್‌ಡಿ ಅಂತ ಕರೆಯುವುದು, 1991ರ ಕೊನೆಗೆ ಬಂತು. ನನ್ನ ಪ್ರಕಾರ ಜಪಾನಿನಿಂದ ಬಂದ ಕಾರುಗಳಲ್ಲಿ ಅದಕ್ಕಿಂತ ಚಂದದ ಮೈ ಇನ್ನೊಂದಿಲ್ಲ. ಈ ಅಭ್ಯಾಸಕ್ಕೆ ಅದನ್ನೇ ಆರಿಸಿಕೊಳ್ಳಲು ಬೇರೆ ಕಾರಣವೂ ಇದೆ. ಮಜ್ದಾ ಈ ಕಾರನ್ನು ಕೈಬಿಟ್ಟಿಲ್ಲ. 2015ರಲ್ಲಿ ಆರ್‌ಎಕ್ಸ್-ವಿಷನ್ ಅನ್ನುವ ಕಾನ್ಸೆಪ್ಟ್ (ಶೋಗೆ ಮಾಡಿದ ಮಾದರಿ ಕಾರು) ತೋರಿಸಿತು. 2023ರಲ್ಲಿ ಟೋಕಿಯೋದ ಜಪಾನ್ ಮೊಬಿಲಿಟಿ ಶೋದಲ್ಲಿ ಐಕಾನಿಕ್ ಎಸ್‌ಪಿ ಅನ್ನುವ ಇನ್ನೊಂದು ಕಾನ್ಸೆಪ್ಟ್ ತೋರಿಸಿತು. 2024ರ ಫೆಬ್ರವರಿಯಲ್ಲಿ ಆರ್‌ಎಕ್ಸ್-7ರಲ್ಲಿದ್ದ ರೋಟರಿ ಎಂಜಿನ್‌ಗೇ ಅಂತ ಒಂದು ತಂಡವನ್ನು ಮತ್ತೆ ಕಟ್ಟಿತು. ಹಾಗಾಗಿ ನಾವು ಸುಮ್ನೆ ಗಾಳಿಯಲ್ಲಿ ಗೀಚಬೇಕಾಗಿಲ್ಲ. ಅಳತೆಗಳು ಸಿಗುತ್ತವೆ, ಅವರು ಯಾವ ದಾರಿಯಲ್ಲಿ ಯೋಚಿಸುತ್ತಿದ್ದಾರೆ ಅನ್ನುವುದೂ ಗೊತ್ತಾಗುತ್ತದೆ.

ಪ್ರತಿ ಸಲವೂ ಬಹುತೇಕ ಎಲ್ಲರೂ ಮೊದಲು ಬಿಡಿಸುವುದು ದೀಪಗಳನ್ನು. ಎಫ್‌ಡಿಯ ಹೆಡ್‌ಲೈಟ್ ಬಾನೆಟ್ಟಿನೊಳಗಿಂದ ಮೇಲೆದ್ದು ಬರುತ್ತಿತ್ತಲ್ಲ, ಅದನ್ನೇ ಎಲ್‌ಇಡಿಯಲ್ಲಿ ತೆಳ್ಳಗೆ ಮಾಡಿ ತರುತ್ತಾರೆ. ಜೊತೆಗೆ ಹಿಂದಿನ ದುಂಡು ದೀಪಗಳು. ನಡುವಿನ ಕಾರು ಯಾವುದು ಬೇಕಾದರೂ ಆಗಿರಬಹುದು. ನಾನು ದೀಪದ ಲೇಯರ್ ಆಫ್ ಮಾಡಿ, ಈಗ ಇದು ಯಾವ ಕಾರು ಹೇಳಿ ಅಂತ ಕೇಳುತ್ತೇನೆ. ಒಬ್ಬ ಹುಡುಗಿ ತಿರುಗಿ ಕೇಳಿದಳು, "ಸರ್, ದೀಪ ತೆಗೆದರೆ ಆರ್‌ಎಕ್ಸ್-7 ಅಂತ ಯಾರಿಗೆ ಗೊತ್ತಾಗತ್ತೆ?" ಒಳ್ಳೆ ಪ್ರಶ್ನೆ. "ನೋಡಮ್ಮ, ಆ ದೀಪ ಅಲ್ಲಿಗೆ ಯಾಕೆ ಬಂತು ಅಂತ ಮೊದಲು ಹುಡುಕು. ಆಮೇಲೆ ಮಾತಾಡೋಣ" ಅಂದೆ.

ಹುಡುಕಿದರೆ ಸಿಗುವುದು ಇಷ್ಟು. ಅಮೆರಿಕದಲ್ಲಿ ಹೆಡ್‌ಲೈಟ್ ನೆಲದಿಂದ ಇಂತಿಷ್ಟು ಎತ್ತರದಲ್ಲೇ ಇರಬೇಕು ಅನ್ನುವ ನಿಯಮ ಇದೆ. ಜೊತೆಗೆ 1983ರವರೆಗೆ ಅಲ್ಲಿ ಗೊತ್ತುಪಡಿಸಿದ ಕೆಲವೇ ಆಕಾರದ ಸೀಲ್ಡ್ ಬೀಮ್ (ಗಾಜು, ಬಲ್ಬು ಎಲ್ಲ ಸೇರಿ ಮುಚ್ಚಿದ ಒಂದೇ ತುಂಡು) ದೀಪಗಳನ್ನು ಮಾತ್ರ ಹಾಕಬಹುದಿತ್ತು. ಮೂತಿ ತಗ್ಗಿಸಬೇಕು, ದೀಪ ಮಾತ್ರ ಎತ್ತರದಲ್ಲಿರಬೇಕು, ಅದೂ ದಪ್ಪದ ದೀಪ. ಹೀಗಾಗಿ ದೀಪವನ್ನು ಒಳಗೆ ಮಡಚಿ, ಬೇಕಾದಾಗ ಎಬ್ಬಿಸುವ ಉಪಾಯ ಬಂತು. ಮುಂದೆ ದೀಪಗಳು ಚಿಕ್ಕದಾದವು. ಪಾದಚಾರಿಗೆ ಕಾರು ತಾಗಿದರೆ ಚುಚ್ಚುವಂಥದ್ದೇನೂ ಮುಂದೆ ಇರಬಾರದು ಅನ್ನುವ ನಿಯಮ ಯುರೋಪಿನಲ್ಲಿ ಬಿಗಿಯಾಯಿತು. 2004ರ ಹೊತ್ತಿಗೆ ಏಳುವ ದೀಪದ ಕಾರುಗಳು ಮುಗಿದೇ ಹೋದವು. ಅಂದರೆ ಆ ದೀಪ ತಗ್ಗು ಮೂತಿಯ ಪರಿಣಾಮ. ಹಾಗಾದರೆ ಮೂತಿ ಯಾಕೆ ಅಷ್ಟು ತಗ್ಗು? ಅಲ್ಲಿಂದ ನಿಜವಾದ ಕೆಲಸ ಶುರುವಾಗುತ್ತದೆ.

ಉತ್ತರ ಎಂಜಿನ್ನಿನಲ್ಲಿದೆ. ರೋಟರಿಯಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಅವನ್ನು ನಡೆಸುವ ಕ್ಯಾಮ್ ಶಾಫ್ಟೂ ಇಲ್ಲ. ಬದಿ ಉಬ್ಬಿದ ಮೂರು ಮೂಲೆಯ ರೋಟರ್ ಒಂದು ಗೂಡಿನೊಳಗೆ ಸುತ್ತುತ್ತದೆ. ಎಫ್‌ಡಿಯ 13ಬಿ ಎಂಜಿನ್ನಿನಲ್ಲಿ ಅಂಥವು ಎರಡು, ಒಂದೊಂದು 654 ಸಿಸಿ, ಒಟ್ಟು 1308 ಸಿಸಿ. ಅಷ್ಟರಲ್ಲೇ ಎರಡು ಟರ್ಬೊ ಸೇರಿಸಿ ಮೊದಲಿಗೆ 255, ಕೊನೆಯ ವರ್ಷಗಳಲ್ಲಿ 280 ಪಿಎಸ್ (ಅಶ್ವಶಕ್ತಿ) ತೆಗೆದರು. ಎಂಜಿನ್ ಗಿಡ್ಡ, ಹಗುರ. ಅದನ್ನು ಕೆಳಗಿಳಿಸಿ, ಮುಂದಿನ ಆಕ್ಸೆಲ್‌ಗಿಂತ ಹಿಂದಕ್ಕೆ, ಕೂರುವವರ ಕಡೆಗೆ ತಳ್ಳಬಹುದು. ಆಗ ಬಾನೆಟ್ ತಗ್ಗುತ್ತದೆ, ಮುಂದಿನ ಗಾಲಿಗೂ ಬಾಗಿಲಿಗೂ ನಡುವೆ ಉದ್ದನೆಯ ಜಾಗ ಸಿಗುತ್ತದೆ, ತೂಕ ಮುಂದೆ ಹಿಂದೆ ಸಮನಾಗಿ ಹಂಚಿಹೋಗುತ್ತದೆ. 1978ರ ಮೊದಲ ಕಾರಿನಿಂದಲೂ ಇದೇ ಲೆಕ್ಕ. ದೀಪ ಆಫ್ ಮಾಡಿದರೂ ಆರ್‌ಎಕ್ಸ್-7 ಗುರುತು ಸಿಗುವುದು ಈ ನಿಲುವಿನಿಂದ.

ಮತ್ತೆ ಹುಟ್ಟಿದ ಬೇರೆ ಜಪಾನಿ ಕಾರುಗಳನ್ನೂ ಹೀಗೇ ನೋಡಿ ಅಂತ ಹೇಳುತ್ತೇನೆ. ಟೊಯೋಟಾ 2014ರಲ್ಲಿ ಎಫ್‌ಟಿ-1 ಅನ್ನುವ ಕಾನ್ಸೆಪ್ಟ್ ತೋರಿಸಿತು. ಉದ್ದ ಮೂತಿ, ಅಗಲ ಮೈ. ಅದರಿಂದ 2019ರಲ್ಲಿ ಹೊಸ ಸುಪ್ರಾ ಬಂದಾಗ ಅದು ಬಿಎಂಡಬ್ಲ್ಯು ಝಡ್4 ಜೊತೆ ತಳಹದಿ ಹಂಚಿಕೊಂಡಿತ್ತು, ವೀಲ್‌ಬೇಸ್, ಅಂದರೆ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ದೂರ, 2470 ಮಿಲಿಮೀಟರ್. ಟೊಯೋಟಾದ್ದೇ ಚಿಕ್ಕ ಕಾರು 86ರ ವೀಲ್‌ಬೇಸ್ 2570, ಅದಕ್ಕಿಂತಲೂ ಇದು ಗಿಡ್ಡ. ದೊಡ್ಡ ಕಾರಿಗೆ ಎಂದು ಬಿಡಿಸಿದ ಉಬ್ಬು ತಗ್ಗುಗಳನ್ನೆಲ್ಲ ಗಿಡ್ಡ ತಳದ ಮೇಲೆ ಕೂರಿಸುವಾಗ ಮೈ ಇಕ್ಕಟ್ಟಾಗಿ, ಬಾಗಿಲ ಹಿಂದೆ ಮುಂದೆಲ್ಲ ಗಾಳಿಕಿಂಡಿಯ ಆಕಾರಗಳು ತುಂಬಿಕೊಂಡವು. ನನಗೆ ಆ ಕಾರು ಓಡುವುದು ಇಷ್ಟ, ಪಕ್ಕದ ನೋಟ ಇಷ್ಟವಿಲ್ಲ. ನಿಸ್ಸಾನ್ 2022ರ ಝಡ್ ಹಳೆಯ 370ಝಡ್‌ನ ತಳದ ಮೇಲೇ ಕಟ್ಟಿತು. ಮೊದಲ ಝಡ್‌ನ ಚಾವಣಿ ಗೆರೆಯನ್ನೂ 300ಝಡ್‌ಎಕ್ಸ್‌ನ ಹಿಂದಿನ ದೀಪವನ್ನೂ ನೆನಪಿಸುತ್ತದೆ. ಅಲ್ಲಿ ಅದು ಹೊಂದುತ್ತದೆ, ಯಾಕೆಂದರೆ ಮುಂದೆ ಎಂಜಿನ್, ಹಿಂದಿನ ಗಾಲಿಗೆ ಶಕ್ತಿ, ಇಬ್ಬರೇ ಕೂರುವುದು, ಈ ನಿಲುವು ಹಳೆಯ ಕಾರಿನದ್ದೇ.

ಈಗ ಮುಂದಿನ ಆರ್‌ಎಕ್ಸ್-7ಗೆ ಬರೋಣ. ಮೊದಲ ಪ್ರಶ್ನೆ ಬ್ಯಾಟರಿಯದ್ದು. ಪೂರ್ತಿ ಬ್ಯಾಟರಿ ಕಾರು ಮಾಡಿದರೆ ಪ್ಯಾಕ್ ಒಂದೇ 400 ಕಿಲೋ ದಾಟುವುದು ಸಾಮಾನ್ಯ. ಅದನ್ನು ನೆಲದಡಿ ಹಾಸಿದರೆ 100ರಿಂದ 150 ಮಿಲಿಮೀಟರ್ ದಪ್ಪ. ಅಷ್ಟೂ ಸೀಟಿನ ಕೆಳಗೆ ಸೇರಿಕೊಳ್ಳುತ್ತದೆ. ಸೀಟು ಏರಿದರೆ ತಲೆ ಏರುತ್ತದೆ, ಚಾವಣಿ ಏರುತ್ತದೆ, ಕಾರು ತೆಳ್ಳಗೆ ಕಾಣಲಿ ಅಂತ ಬಾಗಿಲ ಕೆಳಗೆ ಕಪ್ಪು ಪಟ್ಟಿ ಹಚ್ಚುವ ಕೆಲಸ ಶುರುವಾಗುತ್ತದೆ. ಎಫ್‌ಡಿಯ ಎತ್ತರ 1230 ಮಿಲಿಮೀಟರ್. ಆ ಲೆಕ್ಕದಲ್ಲಿ ಅದು ಸಾಧ್ಯವೇ ಇಲ್ಲ.

ಮಜ್ದಾ ಹಿಡಿದ ದಾರಿ ಬೇರೆ. 2023ರ ಎಂಎಕ್ಸ್-30 ಆರ್-ಇವಿಯಲ್ಲಿ 830 ಸಿಸಿಯ ಒಂದೇ ರೋಟರ್ ಇದೆ. ಅದು ಗಾಲಿ ತಿರುಗಿಸುವುದಿಲ್ಲ, ಕರೆಂಟ್ ಮಾಡುತ್ತದೆ. ಹಾಗಾಗಿ ಬ್ಯಾಟರಿ 17.8 ಕಿಲೋವ್ಯಾಟ್ ಅವರ್‌ಗೆ ಇಳಿಯಿತು. ಅದೇ ಕಾರಿನ ಪೂರ್ತಿ ಬ್ಯಾಟರಿ ಮಾದರಿಯಲ್ಲಿ ಇದ್ದದ್ದು 35.5. ಐಕಾನಿಕ್ ಎಸ್‌ಪಿ ಇದನ್ನೇ ಎರಡು ರೋಟರ್‌ಗೆ ಬೆಳೆಸಿದ ಕಲ್ಪನೆ. 370 ಪಿಎಸ್, 1450 ಕಿಲೋ, ತೂಕದ ಹಂಚಿಕೆ ಅರ್ಧಕ್ಕರ್ಧ ಅಂತ ಹೇಳಿದ್ದಾರೆ. ಉದ್ದ 4180, ಅಗಲ 1850, ಎತ್ತರ 1150, ವೀಲ್‌ಬೇಸ್ 2590. ಇದನ್ನು ಎಫ್‌ಡಿಯ ಪಕ್ಕ ಇಡಿ. ಎಫ್‌ಡಿ ಅದಕ್ಕಿಂತ ಸುಮಾರು 100 ಮಿಲಿಮೀಟರ್ ಉದ್ದ, ಆದರೆ ವೀಲ್‌ಬೇಸ್ 2425 ಮಾತ್ರ. ಅಂದರೆ ಹೊಸ ಕಲ್ಪನೆಯಲ್ಲಿ ಗಾಲಿಗಳು ಮೂಲೆಗಳಿಗೆ ಸರಿದಿವೆ, ಮುಂದೆ ಹಿಂದೆ ಚಾಚಿದ ಭಾಗ ಕಡಿಮೆಯಾಗಿದೆ. 2015ರ ಆರ್‌ಎಕ್ಸ್-ವಿಷನ್ 4389 ಉದ್ದ, 1925 ಅಗಲ ಇತ್ತು. ಅದು ನೋಡಲು ಅದ್ಭುತ, ಆದರೆ ಆರ್‌ಎಕ್ಸ್-7ಗಿಂತ ದೊಡ್ಡ ಜಾತಿಯ ಕಾರು. ಎಂಟು ವರ್ಷದಲ್ಲಿ ಅವರು ಅಳತೆಯನ್ನು ಕಡಿಮೆ ಮಾಡಿದ್ದು ನನಗೆ ತುಂಬಾ ಸಮಾಧಾನ ಕೊಟ್ಟ ವಿಷಯ.

ನಮ್ಮ ಅಭ್ಯಾಸದಲ್ಲಿ ನಾನು ಹಾಕುವ ಷರತ್ತುಗಳು ಐಕಾನಿಕ್ ಎಸ್‌ಪಿಗಿಂತ ಬಿಗಿ. 1150 ಎತ್ತರ ಶೋ ಕಾರಿಗೆ ಸರಿ. ಆರಡಿ ಆಳು ಹೆಲ್ಮೆಟ್ ಹಾಕಿಕೊಂಡು ಕೂರಬೇಕಾದರೆ 1220 ಆದರೂ ಬೇಕು. ಅಗಲ 1800 ದಾಟಬಾರದು, ಜಪಾನಿನ ಬೆಟ್ಟದ ರಸ್ತೆಗಳಲ್ಲಿ ಓಡುವ ಕಾರಿದು. ಮೇಲೆತ್ತುವ ಬಾಗಿಲು ಬೇಡ, ಅದರ ಹಿಂಜ್‌ಗೆ ಎ-ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ದಪ್ಪವಾಗುತ್ತದೆ. ಗಾಲಿ 18 ಇಂಚಿಗೆ ಮುಗಿಯಬೇಕು. ಎಫ್‌ಡಿಯಲ್ಲಿ 16, ಆಮೇಲೆ 17 ಇಂಚು ಇದ್ದವು. ಗಾಲಿ ದೊಡ್ಡದಾದಷ್ಟೂ ಫೆಂಡರ್ ಎತ್ತರವಾಗುತ್ತದೆ, ಫೆಂಡರ್ ಎತ್ತರವಾದರೆ ಬಾನೆಟ್ ತಗ್ಗಿಸಿ ಏನು ಬಂತು?

ಬಾನೆಟ್‌ದ್ದೇ ದೊಡ್ಡ ಜಗಳ. ಪಾದಚಾರಿಯ ತಲೆ ಬಾನೆಟ್ ಮೇಲೆ ಬಿದ್ದರೆ ತಗಡು ಬಗ್ಗಿ ಪೆಟ್ಟನ್ನು ತಿನ್ನಬೇಕು. ಅದರಡಿ ಎಂಜಿನ್ನಿನ ಗಟ್ಟಿ ಭಾಗ ತಕ್ಷಣ ಸಿಗಬಾರದು, ಸುಮಾರು ಒಂದು ಮುಷ್ಟಿ ಜಾಗ ಖಾಲಿ ಬಿಡಬೇಕು. 1991ರಲ್ಲಿ ಈ ತಲೆನೋವು ಇರಲಿಲ್ಲ. ತಾಗಿದ ಕ್ಷಣದಲ್ಲಿ ಬಾನೆಟ್ಟಿನ ಹಿಂಭಾಗ ತಾನೇ ಮೇಲೇಳುವ ವ್ಯವಸ್ಥೆ ಮಜ್ದಾದ ಎಂಎಕ್ಸ್-5ರಲ್ಲೇ ಇದೆ, ಅದನ್ನು ಬಳಸಿ ಅಂತ ಹೇಳುತ್ತೇನೆ. ಆದರೆ ಆಗ ಫೆಂಡರ್‌ಗೂ ಬಾನೆಟ್ಟಿಗೂ ನಡುವಿನ ಸೀಳು ಎಲ್ಲಿ ಬರಬೇಕು ಅನ್ನುವುದು ಬದಲಾಗುತ್ತದೆ. ಸರ್ಫೇಸ್ ಮಾಡುವವರ ತಲೆಬಿಸಿ ಅಲ್ಲಿದೆ. ಆ ಸೀಳು ಫೆಂಡರಿನ ಉಬ್ಬಿನ ತುದಿಯಲ್ಲಿ ಬಂದರೆ ಬೆಳಕು ಅಲ್ಲೇ ಕತ್ತರಿಸಿಹೋಗುತ್ತದೆ. ಒಳಗೆ ಸರಿಸಿದರೆ ಉಬ್ಬು ಇಡಿಯಾಗಿ ಉಳಿಯುತ್ತದೆ, ಆದರೆ ಫೆಂಡರ್ ತಗಡನ್ನು ಪ್ರೆಸ್ಸಿನಲ್ಲಿ ಆಳಕ್ಕೆ ಎಳೆಯಬೇಕು, ಹರಿಯುವ ಭಯ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಡೈ ಮಾಡುವವರ ಜೊತೆ ಕೂತೇ ಕಲಿಯಬೇಕು.

ಬೆಳಕು ಅಂದೆನಲ್ಲ, ನಮ್ಮ ಕೆಲಸದ ಜೀವ ಅದೇ. ಹೊಳೆಯುವ ಸ್ಟೀಲ್ ತಟ್ಟೆಯನ್ನು ಟ್ಯೂಬ್‌ಲೈಟ್ ಕೆಳಗೆ ಓರೆ ಹಿಡಿದರೆ ಒಂದು ಸಣ್ಣ ನೆಗ್ಗು ಇದ್ದರೂ ಬೆಳಕಿನ ಗೆರೆ ಅಲ್ಲಿ ಮುರಿಯುತ್ತದಲ್ಲ, ಕಾರಿನ ಮೈಯನ್ನೂ ನಾವು ಹಾಗೇ ಪರೀಕ್ಷೆ ಮಾಡುತ್ತೇವೆ. ಕಂಪ್ಯೂಟರಿನಲ್ಲಿ ಕಪ್ಪು ಬಿಳುಪು ಪಟ್ಟೆಗಳನ್ನು ಮೈ ಮೇಲೆ ಹರಿಸಿ, ಅವು ಒಂದು ತುಂಡಿನಿಂದ ಇನ್ನೊಂದಕ್ಕೆ ಮುರಿಯದೆ ಸಾಗುತ್ತವೆಯೇ ಅಂತ ನೋಡುವುದು. ಈ ವಿಷಯದಲ್ಲಿ ಮಜ್ದಾದವರನ್ನು ನಾನು ತುಂಬಾ ಗೌರವಿಸುತ್ತೇನೆ. 2017ರ ಕಾಯ್ ಕಾನ್ಸೆಪ್ಟ್, ಅದರಿಂದ ಬಂದ 2019ರ ಮಜ್ದಾ3, ಇವೆರಡರ ಪಕ್ಕದಲ್ಲಿ ಚೂಪು ಗೆರೆಯೇ ಇಲ್ಲ. ಆಕಾಶ, ರಸ್ತೆ, ಪಕ್ಕದ ಮರ ಎಲ್ಲ ಆ ಮೈ ಮೇಲೆ ಬಾಗಿ ಹರಿಯುತ್ತವೆ, ಕಾರು ಚಲಿಸಿದಂತೆ ಆಕಾರವೇ ಬದಲಾದಂತೆ ಕಾಣುತ್ತದೆ. ಗೆರೆ ಹಾಕುವುದು ಸುಲಭ, ತಪ್ಪು ಮುಚ್ಚಿಹೋಗುತ್ತದೆ. ಗೆರೆ ಇಲ್ಲದ ಮೈಯಲ್ಲಿ ಮುಚ್ಚಲು ಏನೂ ಇಲ್ಲ. ಅದಕ್ಕೇ ಹಿರೋಷಿಮಾದಲ್ಲಿ ಇವತ್ತಿಗೂ ಜೇಡಿಯಲ್ಲಿ ಕಾರಿನ ಮಾದರಿ ಮಾಡುವ ಕ್ಲೇ ಮಾಡೆಲರ್‌ಗಳಿಗೆ ಅಷ್ಟು ಬೆಲೆ. ಮೊದಲ ಆರ್‌ಎಕ್ಸ್-7 ಡಿಸೈನ್ ಮಾಡಿದವರು ಮತಾಸಬುರೊ ಮಾಎದಾ. ಅವರ ಮಗ ಇಕುವೊ ಮಾಎದಾ ಆರ್‌ಎಕ್ಸ್-8 ಡಿಸೈನ್ ಮಾಡಿದರು, ಆಮೇಲೆ ಮಜ್ದಾದ ಇಡೀ ಡಿಸೈನನ್ನೇ ನಡೆಸಿದರು.

ಎಫ್‌ಡಿಯ ಚಾವಣಿಯನ್ನು ನಾನು ಎಲ್ಲರಿಗೂ ಜೂಮ್ ಮಾಡಿ ತೋರಿಸುತ್ತೇನೆ. ನಡುವೆ ಸ್ವಲ್ಪ ತಗ್ಗಿದೆ, ಎರಡು ತಲೆಗಳ ಮೇಲೆ ಸ್ವಲ್ಪ ಉಬ್ಬಿದೆ. ಕೂರುವವರಿಗೆ ಜಾಗ ಸಿಕ್ಕಿತು, ಕಾರು ಎತ್ತರವಾಗಲಿಲ್ಲ. ಇಂಥದ್ದು ಸ್ಕೆಚ್ಚಿನಲ್ಲಿ ಮೊದಲೇ ಹೊಳೆಯುವುದಿಲ್ಲ. ಡ್ರೈವರ್ ಮಾದರಿಯನ್ನು ಕಾರಿನೊಳಗೆ ಕೂರಿಸಿ, ತಲೆ ಎಲ್ಲಿ ತಾಗುತ್ತದೆ ಅಂತ ನೋಡಿದಾಗ ಹೊಳೆಯುತ್ತದೆ.

ಹೀಗಾಗಿ ಈಗ ನಮ್ಮ ಟೀಮಿನಲ್ಲಿ ಕ್ರಮ ಹೀಗಿದೆ. ಮೊದಲ ರಿವ್ಯೂಗೆ ಬರುವ ಫೈಲಿನಲ್ಲಿ ನಾಲ್ಕು ಗಾಲಿ, ಇಬ್ಬರು ಮನುಷ್ಯರು, ಎಂಜಿನ್, ಬ್ಯಾಟರಿ, ರೇಡಿಯೇಟರ್, ಇಂಧನ ಟ್ಯಾಂಕ್ ಮಾತ್ರ ಇರಬೇಕು. ಮೈ ಬೇಡ. ಎರಡನೇ ಸಲ ಪಕ್ಕದ ನೋಟದ ಗೆರೆ ಮತ್ತು ಕೆಲವು ಅಡ್ಡ ಕೊಯ್ತಗಳು (ಸೆಕ್ಷನ್). ದೀಪ ಕೊನೆಗೆ. ಹೊಸಬರಿಗೆ ಮೊದಮೊದಲು ಇದು ಬೇಸರ ತರುತ್ತದೆ, ಕಾರು ಬಿಡಿಸೋಕೆ ಬಂದವರಿಗೆ ಡಬ್ಬ ಜೋಡಿಸಲು ಹೇಳಿದ ಹಾಗೆ ಅನ್ನಿಸುತ್ತದೆ. ಆದರೆ ಬ್ಯಾಟರಿಯನ್ನು ನೆಲದಿಂದ ತೆಗೆದು ಸೀಟಿನ ಹಿಂದೆ ನಿಲ್ಲಿಸಿದ ಕ್ಷಣ ಚಾವಣಿ ಇಳಿಯುವುದನ್ನು ತಾವೇ ನೋಡಿದ ಮೇಲೆ, ಬೇರೆ ಪ್ರಾಜೆಕ್ಟ್‌ಗಳಲ್ಲೂ ಒಳಗಿನ ಭಾಗಗಳು ಎಲ್ಲೆಲ್ಲಿ ಕೂರುತ್ತವೆ ಅಂತ ತೋರಿಸುವ ಪ್ಯಾಕೇಜ್ ಡ್ರಾಯಿಂಗ್ ಕೇಳಿ ಪಡೆದು ಕೆಲಸ ಶುರು ಮಾಡುತ್ತಾರೆ. ಗ್ರಾಹಕ ಕಂಪನಿಯ ಎಂಜಿನಿಯರ್ ಜೊತೆ ಮಾತಾಡುವಾಗಲೂ "ಈ ಪಾಯಿಂಟ್ 5 ಮಿಲಿಮೀಟರ್ ಇಳಿಸಿದರೆ ನಮಗೆ ಫೆಂಡರ್ ಉಳಿಯುತ್ತದೆ" ಅಂತ ಕಾರಣ ಸಮೇತ ಕೇಳುತ್ತಾರೆ. ಆಗ ಆ ಕಡೆಯವರೂ ಗಮನ ಕೊಟ್ಟು ಕೇಳುತ್ತಾರೆ.

ದೀಪದ ಪ್ರಶ್ನೆ ಕೇಳಿದ ಹುಡುಗಿ ಈ ಸಲ ಹಿಂದಿನ ಗಾಜಿನ ಮೇಲೆ ಕೆಲಸ ಮಾಡುತ್ತಿದ್ದಾಳೆ. 1978ರ ಕಾರಿನ ಹಿಂದಿನ ಗಾಜು ಮೂರು ತುಂಡು, ನಡುವಿನದು ಮಾತ್ರ ಮೇಲೇಳುತ್ತಿತ್ತು. ಎರಡನೇ ತಲೆಮಾರಿನಲ್ಲಿ ಸುತ್ತಿ ಬರುವ ಒಂದೇ ದೊಡ್ಡ ಗಾಜಾಯಿತು. ಒಂದೇ ಗಾಜು ಎರಡೂ ದಿಕ್ಕಿಗೆ ಬಾಗಿದರೆ ಖರ್ಚು ಜಾಸ್ತಿ, ತೂಕವೂ ಜಾಸ್ತಿ, ಅಂಚಿನಲ್ಲಿ ಹಿಂದಿನ ನೋಟ ವಕ್ರವಾಗುತ್ತದೆ. ಮೂರು ತುಂಡಿಗೆ ವಾಪಸ್ ಹೋಗೋಣ ಅನ್ನುವುದು ಅವಳ ವಾದ. ಸೀಟಿನ ಹಿಂದೆ ನಿಂತ ಬ್ಯಾಟರಿಗೆ ಬೇಕಾದ ಗಾಳಿಯನ್ನು ಪಕ್ಕದ ತುಂಡುಗಳ ಅಂಚಿನಿಂದ ಒಳಗೆ ಎಳೆಯಬಹುದು ಅಂತ ಸೆಕ್ಷನ್ ಕೂಡ ಬಿಡಿಸಿ ತಂದಿದ್ದಾಳೆ. ನನಗೆ ಒಪ್ಪಿಗೆಯಾಗಿದೆ. ಮಳೆನೀರು ಆ ಅಂಚಿನಿಂದ ಎಲ್ಲಿಗೆ ಹರಿಯುತ್ತದೆ ಅನ್ನುವುದೊಂದು ಬಾಕಿ, ಮುಂದಿನ ರಿವ್ಯೂಗೆ ಅದನ್ನೇ ಇಟ್ಟುಕೊಂಡಿದ್ದೇವೆ.