ಚೀಲದೊಳಗಿನ ಕೈ

22 ಆಗಸ್ಟ್ 2024, ಗುರುವಾರ ರಾತ್ರಿ

ಊಟ ಆಗಿ ಪಾತ್ರೆ ತೊಳೆದಿಟ್ರೂ ಆ ಹುಡುಗಿ ಕೇಳಿದ್ದು ತಲೆಯಿಂದ ಹೋಗ್ತಿಲ್ಲ.

ಲ್ಯಾಬಲ್ಲಿರೋ ಹಳೇ ಆರಿಫ್ಲೆಕ್ಸ್ ಫಿಲ್ಮ್ ಕ್ಯಾಮೆರಾ ಒಂದೇ ಒಂದು, ಮಕ್ಕಳು 38. ಅದಕ್ಕೇ ರಜದಲ್ಲಿ ಅದರ ಸುತ್ತ ಸುತ್ತಿ ನೂರಾರು ಫೋಟೋ ತೆಗೆದು ಕಂಪ್ಯೂಟರಲ್ಲಿ ಅದರದ್ದೇ ತದ್ರೂಪು ಮಾಡಿದ್ದೆ, ಲೆನ್ಸಿನ ಗಾಜು ಮಾತ್ರ ಫೋಟೋದಿಂದ ಬರ್ಲೇ ಇಲ್ಲ, ಬ್ಲೆಂಡರ್ ಅನ್ನೋ 3D ಸಾಫ್ಟ್‌ವೇರಲ್ಲಿ ಕೂತು ಕೈಯಾರೆ ಮಾಡ್ಬೇಕಾಯ್ತು. ಇವತ್ತು ಕ್ಯಾಮೆರಾದ ಮೈ ಪಾರದರ್ಶಕ ಮಾಡಿ ತೋರಿಸ್ದೆ. ಹಲ್ಲುಚಕ್ರ ನಿಲ್ಲದೆ ತಿರುಗ್ತಿರತ್ತೆ, ಆದ್ರೆ ಗೇಟಿನ ಹತ್ರ, ಅಂದ್ರೆ ಬೆಳಕು ಬೀಳೋ ಕಿಂಡಿ ಹತ್ರ, ಫಿಲ್ಮ್ ಸೆಕೆಂಡಿಗೆ 24 ಸಲ ನಿಂತು ನಿಂತು ಹೋಗ್ಬೇಕು, ಅದಕ್ಕೇ ಮೇಲೆ ಕೆಳಗೆ ಫಿಲ್ಮನ್ನ ಸ್ವಲ್ಪ ಸಡಿಲವಾಗಿ ಬಳುಕಿಸಿ ಲೂಪ್ ಬಿಡೋದು, ಇಲ್ದಿದ್ರೆ ಫಿಲ್ಮ್ ಹರಿದುಹೋಗತ್ತೆ. ಇಷ್ಟು ವರ್ಷ ಬೋರ್ಡ್ ಮೇಲೆ ಬರೆದು ಬರೆದು ಹೇಳಿದ್ದು ಇವತ್ತು ಒಂದೇ ನಿಮಿಷಕ್ಕೆ ಅರ್ಥ ಆಯ್ತು ಅವ್ರಿಗೆ. ಎಷ್ಟು ಖುಷಿ ಆಯ್ತು ಗೊತ್ತಾ.

ಆಮೇಲೆ ಅದೇ ಹಾಸನದ ಹುಡುಗಿ, ಕೊನೇ ಬೆಂಚಿಂದು, ಎದ್ದು ಬಂತು.

"ಮೇಡಂ, ಫಿಲ್ಮ್ ಲೋಡ್ ಮಾಡೋವಾಗ ಒಳಗೆ ಏನು ಕಾಣ್ಸತ್ತೆ?"

"ಏನೂ ಕಾಣ್ಸಲ್ಲಮ್ಮ. ಚೇಂಜಿಂಗ್ ಬ್ಯಾಗ್ ಅಂತ ಬೆಳಕು ಹೋಗದಿರೋ ಚೀಲ ಇರತ್ತೆ, ಅದರೊಳಗೆ ಎರಡೂ ಕೈ ತೂರಿಸ್ಕೊಂಡು ಬರೀ ಬೆರಳಲ್ಲೇ ಮಾಡೋದು. ಬೆಳಕು ಬಿತ್ತೋ, 400 ಅಡಿ ರೋಲ್ ಹಾಳು."

"ಅದು ಎಷ್ಟೊತ್ತು ಓಡತ್ತೆ?"

"ನಾಲ್ಕೂವರೆ ನಿಮಿಷಾನೂ ಇಲ್ಲ."

ಸ್ವಲ್ಪ ಹೊತ್ತು ಸುಮ್ನಿದ್ಲು. "ಹಂಗಾದ್ರೆ ಇದ್ರಲ್ಲಿ ಎಲ್ಲಾ ಕಾಣೋ ಹಂಗೆ ಯಾಕೆ ಮಾಡಿದ್ರಿ ಮೇಡಂ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಚಿಕ್ಕಪ್ಪ ನೆನಪಾದ್ರು. ಅಸಿಸ್ಟೆಂಟ್ ಕ್ಯಾಮೆರಾಮನ್ ಆಗಿದ್ದಾಗ ಒಂದ್ಸಲ ಬ್ಯಾಗ್ ಮನೆಗೆ ತಂದು ನನ್ನ ಕೈ ಹಿಡಿದು ಒಳಗೆ ಹಾಕಿದ್ರು, ಒಳಗೆ ಬೆವರು, ಕತ್ತಲೆ, ಫಿಲ್ಮಿನ ತೂತು ಹಲ್ಲಿಗೆ ಸಿಕ್ಕಿದ ತಕ್ಷಣ ಬೆರಳಿಗೆ ಒಂದು ಸಣ್ಣ ಟಕ್. "ಸಿಕ್ತಾ ಮಗಾ?" ಅಂದಿದ್ರು. ಆ ಟಕ್ ಮೌಸಲ್ಲಿ ಹೆಂಗೆ ಬರತ್ತೆ?

ಹಂಗಂತ ಮಾಡಿದ್ದು ತಪ್ಪು ಅಂತ ಅನ್ನಿಸ್ತಿಲ್ಲ. ನಿಜವಾದ ಕ್ಯಾಮೆರಾ ತೆಗೆದ್ರೆ ಹುಡುಗರೇ ಮುತ್ಕೊಳ್ತಾರೆ, ಈ ಹುಡುಗಿ ವರ್ಷವಿಡೀ ಅದನ್ನ ಮುಟ್ಟೇ ಇರ್ಲಿಲ್ಲ, ಇವತ್ತು ಸ್ಕ್ರೀನಲ್ಲಿ ಹನ್ನೊಂದು ಸಲ ಬಿಚ್ಚಿ ಜೋಡಿಸಿದ್ಲು, ನಾನೇ ಎಣಿಸ್ದೆ. ಪ್ರಶ್ನೆ ಕೇಳೋ ಧೈರ್ಯ ಬಂದಿದ್ದೂ ಅಲ್ಲಿಂದ್ಲೇ ಇರ್ಬೇಕು.

ಅಮ್ಮನ ಹತ್ರ ಕಪ್ಪು ಲೈನಿಂಗ್ ಬಟ್ಟೆ ಇದೆ. ಎರಡು ಪದರ ಹೊಲಿದು ತೋಳಿಗೆ ಎಲಾಸ್ಟಿಕ್ ಹಾಕಿದ್ರೆ, ಚಿಕ್ಕಪ್ಪನ ಡಬ್ಬಿಲಿ ವೇಸ್ಟ್ ಫಿಲ್ಮ್ ತುಂಡುಗಳು ಇನ್ನೂ ಇದ್ರೆ, ನಾಳೆ ಮೊದಲು ಅವಳ ಕೈಗೇ